ಗ್ರೀನ್‌ಲ್ಯಾಂಡಿನ ಕುರಿ ಸಾಕಣೆದಾರರ ಎರಡನೇ ಬೆಳೆ: ಸಾಹಸ ಪ್ರವಾಸ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ತರಗತಿಯ ಭಾಷಣದ ಬರಹರೂಪ)



ಒಂದೇ ಕಸುಬನ್ನು ನಂಬಿದ ಕುಟುಂಬಕ್ಕೆ ಒಂದು ಕೆಟ್ಟ ವರ್ಷ ಬಂದರೆ ಸಾಕು, ಹಲವು ವರ್ಷಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತದೆ. ಆದ್ದರಿಂದಲೇ ಮುಖ್ಯ ಕಸುಬಿನ ಜೊತೆಗೆ ಹೈನು, ಕೋಳಿ, ಜೇನು ಅಥವಾ ರೇಷ್ಮೆಯಂಥ ಒಂದು ಉಪಕಸುಬು ಇರಲೆಂದು ಮತ್ತೆ ಮತ್ತೆ ಹೇಳಲಾಗುತ್ತದೆ. ಇಂದಿನ ವಿಷಯವೂ ಉಪಕಸುಬಿನದೇ. ಆದರೆ ಇದು ನಡೆಯುತ್ತಿರುವುದು ಉತ್ತರ ಧ್ರುವದ ಕಡೆಯ ಹಿಮನಾಡಿನಲ್ಲಿ. ಅಲ್ಲಿನ ಕುರಿ ಸಾಕಣೆದಾರರು ತಮ್ಮ ಬೆಟ್ಟ, ಕಡಲು, ಹಿಮನದಿಗಳನ್ನು ನೋಡಲು ಬರುವ ಸಾಹಸಿಗರಿಗೆ ಮನೆಯಲ್ಲಿ ಇಂಬು ಕೊಟ್ಟು, ದಾರಿ ತೋರಿಸಿ, ದೋಣಿ ನಡೆಸಿ ಎರಡನೇ ಆದಾಯ ಕಂಡುಕೊಂಡಿದ್ದಾರೆ. ಈ ಕಸುಬು ಕಟ್ಟುವಾಗ ಎಲ್ಲಿ ಲಾಭವಿದೆ, ಎಲ್ಲಿ ಕಾಲು ಜಾರುತ್ತದೆ ಎಂಬುದನ್ನು ಕ್ರಮವಾಗಿ ನೋಡೋಣ.

ನಾಡು ಮತ್ತು ಜನ

ಗ್ರೀನ್‌ಲ್ಯಾಂಡ್ ಪ್ರಪಂಚದ ಅತಿ ದೊಡ್ಡ ದ್ವೀಪ. ಅದರ ವಿಸ್ತೀರ್ಣ ಸುಮಾರು 21,66,000 ಚದರ ಕಿ.ಮೀ., ಅಂದರೆ ಕರ್ನಾಟಕದ ಹನ್ನೊಂದು ಪಟ್ಟಿಗೂ ಹೆಚ್ಚು. ಅದರ ಐದರಲ್ಲಿ ನಾಲ್ಕು ಪಾಲಿನಷ್ಟು ನೆಲ ಸದಾ ಮಂಜುಗಡ್ಡೆಯ ಅಡಿಯಲ್ಲಿದೆ. ಇಷ್ಟು ದೊಡ್ಡ ನಾಡಿನಲ್ಲಿ ಇರುವ ಜನ ಸುಮಾರು 57,000 ಮಾತ್ರ. ಡೆನ್ಮಾರ್ಕ್ ರಾಜ್ಯಕ್ಕೆ ಸೇರಿದ ಈ ನಾಡಿಗೆ 1979ರಲ್ಲಿ ಗೃಹಾಡಳಿತವೂ 2009ರಲ್ಲಿ ಇನ್ನೂ ಹೆಚ್ಚಿನ ಅಧಿಕಾರವುಳ್ಳ ಸ್ವಯಮಾಡಳಿತವೂ ದೊರೆತವು. ರಫ್ತಿನ ಬಹುಪಾಲು ಮೀನು ಮತ್ತು ಸೀಗಡಿ.

ರೈತರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಒಂದು, ಅಲ್ಲಿ ಯಾರಿಗೂ ಭೂಮಿಯ ಖಾಸಗಿ ಒಡೆತನವಿಲ್ಲ. ಮನೆ ಕಟ್ಟಲು, ಹುಲ್ಲು ಬೆಳೆಯಲು, ಕುರಿ ಮೇಯಿಸಲು ಬಳಕೆಯ ಹಕ್ಕು ಮಾತ್ರ ಸಿಗುತ್ತದೆ. ಎರಡು, ಒಂದು ಪಟ್ಟಣದಿಂದ ಇನ್ನೊಂದಕ್ಕೆ ಹೋಗಲು ರಸ್ತೆಗಳಿಲ್ಲ. ದೋಣಿ, ಹೆಲಿಕಾಪ್ಟರ್ ಇಲ್ಲವೇ ವಿಮಾನವೇ ಗತಿ. ಈ ಎರಡೂ ಸಂಗತಿಗಳು ಮುಂದೆ ಹೇಳುವ ಕಸುಬಿನ ಮೇಲೆ ನೇರ ಪರಿಣಾಮ ಬೀರುತ್ತವೆ.

ದ್ವೀಪದ ದಕ್ಷಿಣ ತುದಿಯಲ್ಲಿ ಕಡಲು ಬೆಟ್ಟಗಳ ನಡುವೆ ಉದ್ದುದ್ದ ನಾಲಗೆ ಚಾಚಿದಂತೆ ಒಳನುಗ್ಗಿದೆ. ಇವಕ್ಕೆ ಫಿಯರ್ಡ್‌ಗಳೆಂದು ಹೆಸರು. ಈ ಕಡಲಚಾಚುಗಳ ಒಳತುದಿಯಲ್ಲಿ ತೆರೆದ ಕಡಲ ಶೀತಗಾಳಿ ಅಷ್ಟಾಗಿ ತಾಕದು. ಜುಲೈ ತಿಂಗಳ ಸರಾಸರಿ ಉಷ್ಣತೆ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ನಮಗೆ ಇದು ನಡುಗುವ ಚಳಿ. ಆದರೆ ಅಲ್ಲಿ ಹುಲ್ಲು ಬೆಳೆಯಲು ಅಷ್ಟು ಸಾಕು. ಜೂನ್ ತಿಂಗಳಲ್ಲಿ ಹಗಲು ಹದಿನೆಂಟು ಗಂಟೆಗೂ ಮೀರಿರುವುದರಿಂದ ಹುಲ್ಲು ಬೇಗನೆ ಏಳುತ್ತದೆ.

ಕುರಿ ಸಾಕಣೆ ಬೆಳೆದು ಬಂದ ಬಗೆ

ಈ ನೆಲದಲ್ಲಿ ಬೇಸಾಯದ ಕಥೆ ಸಾವಿರ ವರ್ಷ ಹಳೆಯದು. ಐಸ್‌ಲ್ಯಾಂಡಿನಿಂದ ಗಡಿಪಾರಾದ ಕೆಂಪು ಎರಿಕ್ ಎಂಬಾತ ಕ್ರಿ.ಶ. 985ರ ಸುಮಾರಿಗೆ ಜನರನ್ನು ಕರೆತಂದು ಇಲ್ಲಿ ನೆಲೆನಿಂತನು. ಒಳ್ಳೆಯ ಹೆಸರಿಟ್ಟರೆ ಜನ ಬರಲು ಮನಸ್ಸು ಮಾಡುತ್ತಾರೆಂದು ಆತನೇ ಈ ಮಂಜಿನ ನಾಡಿಗೆ ‘ಹಸಿರು ನಾಡು’ ಎಂದು ಹೆಸರಿಟ್ಟನೆಂದು ಹಳೆಯ ಐಸ್‌ಲ್ಯಾಂಡ್ ಕಥನಗಳು ಹೇಳುತ್ತವೆ. ಆ ನಾರ್ಸ್ ಜನ ದನ, ಕುರಿ, ಮೇಕೆ ಸಾಕಿ ಸುಮಾರು ನಾಲ್ಕೂವರೆ ಶತಮಾನ ಬಾಳಿದರು. 1408ರಲ್ಲಿ ಹ್ವಾಲ್ಸೆ ಎಂಬಲ್ಲಿನ ಚರ್ಚಿನಲ್ಲಿ ನಡೆದ ಒಂದು ಮದುವೆಯೇ ಅವರ ಬಗ್ಗೆ ದೊರೆಯುವ ಕೊನೆಯ ಲಿಖಿತ ದಾಖಲೆ. ಆ ಚರ್ಚಿನ ಕಲ್ಲುಗೋಡೆಗಳು ಇಂದಿಗೂ ನಿಂತಿವೆ.

1780ರ ದಶಕದಲ್ಲಿ ಆಂಡರ್ಸ್ ಓಲ್ಸನ್ ಮತ್ತು ಆತನ ಇನ್ಯೂಟ್ ಪತ್ನಿ ತುಪೆರ್ನಾ ಇಗಾಲಿಕು ಎಂಬಲ್ಲಿ ಮತ್ತೆ ಬೇಸಾಯ ಆರಂಭಿಸಿದರು. 1906ರಲ್ಲಿ ಯೆನ್ಸ್ ಕೆಮ್ನಿಟ್ಸ್ ಎಂಬ ಪಾದ್ರಿ ಫ್ಯಾರೋ ದ್ವೀಪಗಳಿಂದ ಕೆಲವು ಕುರಿಗಳನ್ನು ತರಿಸಿದರು. 1915ರಲ್ಲಿ ಇಂದಿನ ಕಾಕೊರ್ತೊಕ್ ಪಟ್ಟಣದಲ್ಲಿ ಐಸ್‌ಲ್ಯಾಂಡ್ ತಳಿಯ ಕುರಿಗಳೊಂದಿಗೆ ತಳಿ ಸಂವರ್ಧನ ಕೇಂದ್ರ ತೆರೆಯಿತು. 1924ರಲ್ಲಿ ಒಟ್ಟೋ ಫ್ರೆಡರಿಕ್ಸನ್ ಎಂಬಾತ ಕಸ್ಸಿಯಾರ್ಸುಕ್‌ನಲ್ಲಿ, ಅಂದರೆ ಕೆಂಪು ಎರಿಕ್ ವಾಸವಾಗಿದ್ದ ಜಾಗದಲ್ಲೇ, ಕುರಿಯನ್ನೇ ಪೂರ್ಣಾವಧಿ ಕಸುಬಾಗಿ ಕೈಗೊಂಡನು.

ಆರಂಭದ ದಶಕಗಳಲ್ಲಿ ಕುರಿಗಳು ಚಳಿಗಾಲದಲ್ಲೂ ಹೊರಗೇ ಮೇಯುತ್ತಿದ್ದವು. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಗಾಜಿನಂಥ ಪದರ ಕಟ್ಟಿದರೆ ಕುರಿ ಕಾಲಿನಿಂದ ಕೆರೆದು ಮೇಯಲಾರದು. 1966-67ರ ಚಳಿಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಕುರಿಗಳು ಹಸಿದು ಸತ್ತವು. ಆ ಪೆಟ್ಟಿನ ನಂತರ ಸಾಕಣೆದಾರರು ಹಂತಹಂತವಾಗಿ ಕ್ರಮ ಬದಲಿಸಿದರು. ಕಲ್ಲು ಆರಿಸಿ ನೆಲ ಹಸನು ಮಾಡಿ ಮೇವು ಬೆಳೆದರು, ಕೊಟ್ಟಿಗೆ ಕಟ್ಟಿದರು, ರಸಮೇವು ಮಾಡಿಟ್ಟರು. ಇಂದು ಸುಮಾರು ನಲವತ್ತು ಕುಟುಂಬಗಳು ಈ ಕಸುಬಿನಲ್ಲಿವೆ. ಮರಿಗಳು ಮೇ ತಿಂಗಳಲ್ಲಿ ಹುಟ್ಟುತ್ತವೆ. ಜೂನ್‌ನಲ್ಲಿ ತಾಯಿ-ಮರಿಗಳನ್ನು ಬೆಟ್ಟಕ್ಕೆ ಬಿಡುತ್ತಾರೆ. ಸೆಪ್ಟೆಂಬರ್‌ನಲ್ಲಿ ಅಟ್ಟಿ ತಂದು, ಮಾರುವ ಮರಿಗಳನ್ನು ನಾರ್ಸಾಕ್‌ನ ಕಸಾಯಿಖಾನೆಗೆ ಸಾಗಿಸುತ್ತಾರೆ. ಉಳಿದವು ಆರೇಳು ತಿಂಗಳು ಕೊಟ್ಟಿಗೆಯಲ್ಲಿ.

ಹೀಗಿರುವಾಗ ಇಡೀ ವರ್ಷದ ಆದಾಯ ಒಮ್ಮೆಲೇ ಮರಿಗಳ ಮಾರಾಟದಿಂದ ಬರುತ್ತದೆ. ಬೇಸಿಗೆ ಒಣಗಿ ಹುಲ್ಲು ಕಡಿಮೆಯಾದರೆ ಡೆನ್ಮಾರ್ಕಿನಿಂದ ಹಡಗಿನಲ್ಲಿ ಮೇವು ತರಿಸಬೇಕು. ಆ ಖರ್ಚು ಮರಿಗಳ ಲಾಭವನ್ನು ನುಂಗುತ್ತದೆ. ಎರಡನೇ ಆದಾಯದ ಅವಶ್ಯಕತೆ ಹುಟ್ಟಿದ್ದು ಇಲ್ಲಿಂದ. ಮಕ್ಕಳು ಊರಲ್ಲೇ ಉಳಿಯುತ್ತಾರೋ ಇಲ್ಲವೋ ಎಂಬ ಪ್ರಶ್ನೆಯೂ ಇದರ ಹಿಂದೆಯೇ ಇದೆ.

ಪ್ರವಾಸಿಗರು ಏನನ್ನು ನೋಡಲು ಬರುತ್ತಾರೆ

ಸ್ಥಳೀಯರಿಗೆ ದಿನನಿತ್ಯ ಕಾಣುವ ವಸ್ತುವೇ ಹೊರಗಿನವರಿಗೆ ಅಪೂರ್ವವಾಗಿರುತ್ತದೆ. ಕಸ್ಸಿಯಾರ್ಸುಕ್‌ನಲ್ಲಿ ಎರಿಕ್‌ನ ಕಾಲದ ಮನೆಗಳ ಅಡಿಪಾಯಗಳಿವೆ. ಹಳೆಯ ಮನೆ ಮತ್ತು ಪುಟ್ಟ ಚರ್ಚಿನ ಪ್ರತಿಕೃತಿಗಳನ್ನೂ ಅಲ್ಲಿ ಕಟ್ಟಲಾಗಿದೆ. ಇಗಾಲಿಕುವಿನಲ್ಲಿ ನಾರ್ಸ್ ಬಿಷಪ್ಪರ ಪೀಠದ ಅವಶೇಷಗಳಿವೆ. ಕೂರೋಕ್ ಎಂಬ ಕಡಲಚಾಚಿನಲ್ಲಿ ಹಿಮನದಿಯಿಂದ ಕಳಚಿದ ನೀರ್ಗಲ್ಲುಗಳು ತೇಲುತ್ತವೆ. ನಾರ್ಸಾರ್ಸುವಾಕ್‌ನಿಂದ ಒಂದು ಹೂವಿನ ಕಣಿವೆಯನ್ನು ಹಾದು ಹಿಮನದಿಯ ಅಂಚಿಗೆ ನಡೆದು ಹೋಗಬಹುದು. ನಾನೊರ್ತಾಲಿಕ್ ಕಡೆಯ ತಾಸೆರ್ಮಿಯುತ್ ಕಡಲಚಾಚಿನ ಕಡಿದಾದ ಬಂಡೆಗಳನ್ನು ಏರಲು ಪರ್ವತಾರೋಹಿಗಳು ಬರುತ್ತಾರೆ. ಊನಾರ್ತೊಕ್ ದ್ವೀಪದಲ್ಲಿ ಬಿಸಿನೀರಿನ ಬುಗ್ಗೆಯಿದೆ. ಆಗಸ್ಟ್ ಕೊನೆಯಿಂದ ರಾತ್ರಿ ಆಕಾಶದಲ್ಲಿ ಧ್ರುವಪ್ರಭೆ ಕಾಣತೊಡಗುತ್ತದೆ.

2017ರಲ್ಲಿ ಈ ಬೇಸಾಯದ ಭೂಭಾಗವನ್ನು ‘ಕುಯಾತಾ’ ಎಂಬ ಹೆಸರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅರಮನೆಯಾಗಲಿ ಗುಡಿಗೋಪುರವಾಗಲಿ ಇಲ್ಲದೆ, ಮಂಜಿನ ಅಂಚಿನಲ್ಲಿ ನಡೆದ ಮತ್ತು ನಡೆಯುತ್ತಿರುವ ಬೇಸಾಯಕ್ಕೇ ಈ ಮನ್ನಣೆ ಸಿಕ್ಕಿದೆ ಎಂಬುದು ಗಮನಾರ್ಹ. ಕುರಿ ಇಲ್ಲವಾದರೆ ಈ ನೋಟವೂ ಇಲ್ಲ. ಆದ್ದರಿಂದ ಅಲ್ಲಿ ಪ್ರವಾಸೋದ್ಯಮ ಬೇಸಾಯದ ಹೆಗಲ ಮೇಲೆ ಕುಳಿತಿದೆ.

ಆರಂಭ: ಇದ್ದುದರಿಂದಲೇ

ಕುರಿ ಸಾಕಣೆದಾರನ ಬಳಿ ಮೊದಲೇ ಏನೇನಿರುತ್ತದೆ? ಹಳೆಯ ಮನೆಯೊಂದಿರುತ್ತದೆ. ಮೀನಿಗೂ ಸಾಮಾನು ಸಾಗಣೆಗೂ ಬಳಸುವ ದೋಣಿಯಿರುತ್ತದೆ. ಕುರಿ ಅಟ್ಟಲು ಐಸ್‌ಲ್ಯಾಂಡ್ ತಳಿಯ ಗಿಡ್ಡ ಕುದುರೆಗಳಿರುತ್ತವೆ. ಬೆಟ್ಟದ ಪ್ರತಿಯೊಂದು ದಾರಿಯ ತಿಳಿವಳಿಕೆ ತಲೆಯಲ್ಲಿರುತ್ತದೆ. ಈ ನಾಲ್ಕೂ ಬಂಡವಾಳಗಳೇ. ಹೊಸದಾಗಿ ಸಾಲ ಮಾಡುವ ಮೊದಲು ಇವುಗಳನ್ನು ದುಡಿಸಿಕೊಳ್ಳುವುದು ಜಾಣತನ.

ಹಲವು ಕುರಿಮನೆಗಳು ಹೀಗೆಯೇ ಶುರುಮಾಡಿವೆ. ಕೆಲವು ಹಾಸಿಗೆಗಳು, ಒಂದು ಅಡುಗೆಮನೆ, ಒಂದು ಸ್ನಾನದ ಕೋಣೆ. ನಡೆದು ಬಂದವರು ತಾವೇ ಬೇಯಿಸಿಕೊಳ್ಳಬಹುದು, ಇಲ್ಲವೇ ಮನೆಯವರ ಜೊತೆ ಕುರಿಮಾಂಸದ ಊಟ ಮಾಡಬಹುದು. ಒಂದು ಕುರಿಮನೆಯಿಂದ ಇನ್ನೊಂದಕ್ಕೆ ಒಂದು ದಿನದ ನಡಿಗೆ. ಆದ್ದರಿಂದ ಒಬ್ಬ ಸಾಕಣೆದಾರ ತನ್ನ ಅತಿಥಿಯನ್ನು ಮರುದಿನ ನೆರೆಯವನ ಮನೆಗೆ ಕಳುಹಿಸುತ್ತಾನೆ. ಇಲ್ಲಿ ನೆರೆಯವನು ಪ್ರತಿಸ್ಪರ್ಧಿಯಲ್ಲ, ಪಾಲುದಾರ. ಒಂದೇ ಮನೆ ನೋಡಲು ಯಾರೂ ಅಷ್ಟು ದೂರ ಬರುವುದಿಲ್ಲ. ಐದಾರು ಮನೆಗಳು ಸೇರಿ ಒಂದು ದಾರಿ ಆದಾಗ ಮಾತ್ರ ವಾರದ ಪ್ರವಾಸ ಆಗುತ್ತದೆ.

ಲೆಕ್ಕ ಹಾಕುವ ಬಗೆ

ಈ ಕಸುಬಿನಲ್ಲಿ ಕೈಸುಟ್ಟುಕೊಳ್ಳುವವರು ಸಾಮಾನ್ಯವಾಗಿ ಒಂದೇ ತಪ್ಪು ಮಾಡುತ್ತಾರೆ. ತುಂಬಿದ ದಿನಗಳ ಆದಾಯವನ್ನು ನೋಡುತ್ತಾರೆ, ಖಾಲಿ ದಿನಗಳ ಖರ್ಚನ್ನು ನೋಡುವುದಿಲ್ಲ. ತಿಳಿಯುವುದಕ್ಕಾಗಿ ಒಂದು ಕಲ್ಪಿತ ಲೆಕ್ಕವನ್ನು ಇಲ್ಲಿ ಕೊಡಲಾಗಿದೆ. ನಾಣ್ಯ ಡೇನಿಷ್ ಕ್ರೋನರ್.

ಎಂಟು ಹಾಸಿಗೆಗಳ ಮನೆ. ಋತು 75 ರಾತ್ರಿ. ಎಲ್ಲವೂ ತುಂಬಿದರೆ 600 ಹಾಸಿಗೆ-ರಾತ್ರಿ. ಹವೆ ಕೆಟ್ಟು ವಿಮಾನ ನಿಂತ ದಿನಗಳನ್ನೂ ಋತುವಿನ ಎರಡು ತುದಿಗಳ ಖಾಲಿ ದಿನಗಳನ್ನೂ ಕಳೆದು, ನೂರಕ್ಕೆ ನಲವತ್ತು ಪಾಲು ತುಂಬಿತೆಂದರೆ 240. ಹಾಸಿಗೆಗೆ 400ರಂತೆ ಆದಾಯ 96,000.

ಈಗ ವೆಚ್ಚ. ಹೊಸ ಮನೆಗಾಗಿ 3,00,000 ಸಾಲ, ಹತ್ತು ವರ್ಷದ ಕಂತು, ನೂರಕ್ಕೆ 5ರ ಬಡ್ಡಿ. ಮೊದಲ ವರ್ಷದ ಕಂತು 30,000, ಬಡ್ಡಿ 15,000, ಒಟ್ಟು 45,000. ವಿಮೆ, ಶಾಖ, ದುರಸ್ತಿಗೆ 20,000. ಈ 65,000 ಒಬ್ಬ ಅತಿಥಿಯೂ ಬರದಿದ್ದರೂ ತಪ್ಪದ ವೆಚ್ಚ. ಇನ್ನು ಪ್ರತಿ ಹಾಸಿಗೆಗೆ ಒಗೆತ, ನೀರು, ಅನಿಲಕ್ಕೆ 80. ಅತಿಥಿಯನ್ನು ಕಳುಹಿಸಿದ ದಲ್ಲಾಳಿ ಸಂಸ್ಥೆಗೆ ನೂರಕ್ಕೆ 15ರಂತೆ 60. ಅಂದರೆ ಒಂದು ಹಾಸಿಗೆಯಿಂದ ಉಳಿಯುವುದು 260. ತಪ್ಪದ ವೆಚ್ಚವಾದ 65,000ವನ್ನು 260ರಿಂದ ಭಾಗಿಸಿದರೆ 250. ಅಷ್ಟು ಹಾಸಿಗೆ-ರಾತ್ರಿ ತುಂಬಿದರೆ ಮಾತ್ರ ಲಾಭವೂ ಇಲ್ಲ, ನಷ್ಟವೂ ಇಲ್ಲ. 240 ತುಂಬಿದ ಈತನಿಗೆ 2,600 ನಷ್ಟ. ಮನೆಯವರ ದುಡಿಮೆಗೆ ಇನ್ನೂ ಕೂಲಿ ಹಿಡಿದಿಲ್ಲ ಎಂಬುದು ನೆನಪಿರಲಿ.

ಇದೇ ಸಾಕಣೆದಾರ ಹೊಸ ಮನೆ ಕಟ್ಟದೆ, 1,50,000 ಸಾಲದಲ್ಲಿ ಹಳೆಯ ಮನೆಯನ್ನೇ ಸರಿಪಡಿಸಿದ್ದರೆ? ಮೊದಲ ವರ್ಷದ ಕಂತು-ಬಡ್ಡಿ 22,500 ಆಗುತ್ತದೆ. ತಪ್ಪದ ವೆಚ್ಚ 42,500ಕ್ಕೆ ಇಳಿಯುತ್ತದೆ. 164 ಹಾಸಿಗೆ-ರಾತ್ರಿಗೇ ಖರ್ಚು ಹೊರಡುತ್ತದೆ. ಇನ್ನೊಂದು ದಾರಿಯೂ ಉಂಟು. ತನ್ನದೇ ಕುರಿಮಾಂಸ, ತನ್ನದೇ ಆಲೂಗೆಡ್ಡೆಯ 150 ಊಟಗಳನ್ನು 200ರಂತೆ ಬಡಿಸಿ, ಊಟಕ್ಕೆ 90 ಖರ್ಚಾಯಿತೆಂದರೆ 16,500 ಉಳಿಯುತ್ತದೆ. ಹೊಸ ಮನೆಯ ನಷ್ಟವನ್ನು ತುಂಬಿಯೂ 13,900 ಕೈಯಲ್ಲಿ ನಿಲ್ಲುತ್ತದೆ. ಹಾಸಿಗೆಯಿಂದ ಖರ್ಚು ಹೊರಡಬೇಕು, ಊಟ ಮತ್ತು ದಾರಿ ತೋರಿಸುವ ಸೇವೆಯಿಂದ ಲಾಭ ಬರಬೇಕು. ಈ ಸೂತ್ರವನ್ನು ಎಲ್ಲಿಯ ರೈತನಾದರೂ ಬರೆದಿಟ್ಟುಕೊಳ್ಳಬಹುದು.

ಎರಡು ಕಸುಬಿನ ಕೆಲಸ ಒಂದೇ ಕಾಲಕ್ಕೆ

ಪ್ರವಾಸದ ಋತು ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ. ಹುಲ್ಲು ಕೊಯ್ದು ರಸಮೇವು ಕಟ್ಟುವ ಕೆಲಸವೂ ಜುಲೈ-ಆಗಸ್ಟ್‌ನಲ್ಲೇ. ಕುರಿ ಅಟ್ಟಿ ತರುವ ಕೆಲಸವೂ ಸೆಪ್ಟೆಂಬರ್‌ನಲ್ಲೇ. ಹವೆ ತೆರಪಾದ ನಾಲ್ಕು ದಿನ ಹುಲ್ಲು ಕೊಯ್ಯದೆ ಅತಿಥಿಗಳ ಹಿಂದೆ ಹೋದರೆ, ಫೆಬ್ರುವರಿಯಲ್ಲಿ ಕೊಟ್ಟಿಗೆಯ ಮೇವು ಮುಗಿಯುತ್ತದೆ. ಆಗ ತರಿಸುವ ಮೇವಿನ ಬೆಲೆ ಇಡೀ ಬೇಸಿಗೆಯ ಅತಿಥಿಗಳಿಂದ ಬಂದ ಹಣವನ್ನು ಮೀರಬಹುದು.

ಆದ್ದರಿಂದ ಬಲ್ಲ ಸಾಕಣೆದಾರರು ಕೆಲಸವನ್ನು ಮೊದಲೇ ಹಂಚಿಕೊಳ್ಳುತ್ತಾರೆ. ಒಬ್ಬರು ಹೊಲ ಮತ್ತು ಕುರಿ, ಇನ್ನೊಬ್ಬರು ಮನೆ ಮತ್ತು ಊಟ, ಶಾಲೆಗೆ ರಜೆ ಇರುವ ದೊಡ್ಡ ಮಕ್ಕಳು ದಾರಿ ಮತ್ತು ಕುದುರೆ. ಹುಲ್ಲು ಕೊಯ್ಯುವ ವಾರ ದೋಣಿ ಪ್ರವಾಸಕ್ಕೆ ಒಪ್ಪಿಕೊಳ್ಳುವುದಿಲ್ಲ. ಕುರಿ ಅಟ್ಟುವ ಕೆಲಸವನ್ನು ಮಾತ್ರ ಕೆಲವರು ಪ್ರವಾಸದ ಭಾಗವಾಗಿಯೇ ಮಾಡಿಕೊಂಡಿದ್ದಾರೆ. ಆದರೆ ಅತಿಥಿ ಕುರಿ ಅಟ್ಟಲು ಬಂದರೆ ಆತನನ್ನು ನೋಡಿಕೊಳ್ಳಲು ಒಬ್ಬ ಬೇಕು. ಆ ಒಬ್ಬನನ್ನು ಲೆಕ್ಕದಲ್ಲಿ ಹಿಡಿಯತಕ್ಕದ್ದು.

ಸುರಕ್ಷತೆ: ಇದರಲ್ಲಿ ರಿಯಾಯಿತಿ ಇಲ್ಲ

1959ರ ಜನವರಿ 30ರಂದು ಹಾನ್ಸ್ ಹೆಡ್‌ಟಾಫ್ಟ್ ಎಂಬ ಹೊಸ ಹಡಗು, ತನ್ನ ಮೊದಲ ಯಾತ್ರೆಯಲ್ಲೇ, ದಕ್ಷಿಣ ಗ್ರೀನ್‌ಲ್ಯಾಂಡಿನ ತುದಿಯ ಬಳಿ ನೀರ್ಗಲ್ಲಿಗೆ ಬಡಿದು ಮುಳುಗಿತು. ಅದರಲ್ಲಿದ್ದ 95 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅಂದಿನ ಹೊಸ ತಂತ್ರಜ್ಞಾನದಿಂದ ಕಟ್ಟಿದ ಹಡಗಿಗೇ ಹೀಗಾಯಿತು. ಈ ದುರಂತದ ನಂತರವೇ ನಾರ್ಸಾರ್ಸುವಾಕ್‌ನಲ್ಲಿ ಮಂಜುಗಡ್ಡೆಯ ಚಲನೆಯನ್ನು ಗಮನಿಸಿ ಎಚ್ಚರಿಕೆ ನೀಡುವ ಕೇಂದ್ರ ನೆಲೆಗೊಂಡಿತು. ಇಂದು ಡೇನಿಷ್ ಹವಾಮಾನ ಸಂಸ್ಥೆ ಹವಾಮುನ್ಸೂಚನೆಯನ್ನೂ ಮಂಜುಗಡ್ಡೆಯ ನಕ್ಷೆಗಳನ್ನೂ ಒದಗಿಸುತ್ತದೆ. ಇವನ್ನು ನೋಡದೆ ದೋಣಿ ಬಿಡುವುದು ಅಪರಾಧಕ್ಕೆ ಸಮ.

ಸಾಹಸ ಪ್ರವಾಸದಲ್ಲಿ ಅತಿಥಿ ಹಣ ಕೊಡುವುದು ಅಪಾಯಕ್ಕಲ್ಲ, ಅಪಾಯವನ್ನು ಬಲ್ಲವನ ಜೊತೆಗೆ. ಮುಖ್ಯ ಅಪಾಯಗಳು ಮತ್ತು ಕ್ರಮಗಳು ಹೀಗಿವೆ.

1. ತಣ್ಣೀರು: ಮಂಜಿನ ನೀರಿಗೆ ಬಿದ್ದವನಿಗೆ ಮೊದಲ ಒಂದು ನಿಮಿಷ ಉಸಿರಿನ ಮೇಲೆ ಹಿಡಿತವಿರುವುದಿಲ್ಲ. ನಂತರದ ಸುಮಾರು ಹತ್ತು ನಿಮಿಷ ಮಾತ್ರ ಕೈಕಾಲು ಮಾತು ಕೇಳುತ್ತವೆ. ಸುಮಾರು ಒಂದು ಗಂಟೆಯಲ್ಲಿ ಪ್ರಜ್ಞೆ ತಪ್ಪುತ್ತದೆ. ಹೆಚ್ಚಿನವರು ಸಾಯುವುದು ಚಳಿಯಿಂದಲ್ಲ, ಮೊದಲ ನಿಮಿಷಗಳಲ್ಲಿ ನೀರು ಕುಡಿದು. ಆದ್ದರಿಂದ ತೇಲುಕವಚ ತೊಡದವರನ್ನು ದೋಣಿಗೆ ಹತ್ತಿಸಕೂಡದು. ಈಜು ಬರುತ್ತದೆ ಎನ್ನುವವರಿಗೂ ಇದೇ ನಿಯಮ.

2. ನೀರ್ಗಲ್ಲು: ಅದರ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರಿನ ಅಡಿಯಲ್ಲಿರುತ್ತದೆ. ಕರಗಿ ತೂಕ ತಪ್ಪಿದೊಡನೆ ಮಗುಚಿಕೊಳ್ಳುತ್ತದೆ. ಹಿಮನದಿಯ ಮುಖದಿಂದ ಗಡ್ಡೆ ಕಳಚಿದರೆ ಏಳುವ ಅಲೆ ದಡದಲ್ಲಿ ನಿಂತವರನ್ನೂ ಎಳೆದೊಯ್ಯಬಲ್ಲದು. ಫೋಟೋ ಚೆನ್ನಾಗಿ ಬರಲಿ ಎಂದು ಅತಿಥಿ ಎಷ್ಟೇ ಒತ್ತಾಯಿಸಿದರೂ ಹತ್ತಿರ ಹೋಗತಕ್ಕದ್ದಲ್ಲ.

3. ತೇಲುವ ಮಂಜುಗಡ್ಡೆ: ವಸಂತದಿಂದ ಬೇಸಿಗೆಯ ಆರಂಭದವರೆಗೆ ಪೂರ್ವ ಕರಾವಳಿಯಿಂದ ತೇಲಿಬರುವ ದಪ್ಪ ಗಡ್ಡೆ ದಕ್ಷಿಣದ ಕಡಲಚಾಚುಗಳ ಬಾಯಿ ಮುಚ್ಚುವುದುಂಟು. ಅದರ ಮೇಲೆ ಆಗೊಮ್ಮೆ ಈಗೊಮ್ಮೆ ಹಿಮಕರಡಿಯೂ ಬರುತ್ತದೆ. ನಾನೊರ್ತಾಲಿಕ್ ಎಂಬ ಊರ ಹೆಸರಿನ ಅರ್ಥವೇ ಹಿಮಕರಡಿಗಳ ಜಾಗ ಎಂದು.

4. ಹಿಮನದಿಯ ಹೊಳೆ: ಬೆಳಿಗ್ಗೆ ಮೊಣಕಾಲುದ್ದವಿದ್ದ ನೀರು, ಬಿಸಿಲಿಗೆ ಮಂಜು ಕರಗಿ ಮಧ್ಯಾಹ್ನ ಸೊಂಟದುದ್ದವಾಗುತ್ತದೆ. ಬೆಳಿಗ್ಗೆ ದಾಟಬೇಕು. ಸಂಜೆ ಹಿಂದಿರುಗುವ ದಾರಿಯಲ್ಲಿ ಅದೇ ಹೊಳೆ ಅಡ್ಡ ಬರದಂತೆ ಮಾರ್ಗ ಹಾಕಿಕೊಳ್ಳಬೇಕು.

5. ಗಾಳಿ ಮತ್ತು ಮಬ್ಬು: ಮಂಜಿನ ಪ್ರಸ್ಥಭೂಮಿಯಿಂದ ಇಳಿಯುವ ಬೆಚ್ಚನೆಯ ಒಣ ಗಾಳಿ ಕೆಲವೇ ಗಂಟೆಗಳಲ್ಲಿ ಬಿರುಗಾಳಿಯಾಗಬಲ್ಲದು. ಮಬ್ಬು ಕವಿದಾಗ ದಿಕ್ಸೂಚಿಯನ್ನು ಕಣ್ಣುಮುಚ್ಚಿ ನಂಬಬಾರದು. ಅಲ್ಲಿ ಅದರ ಮುಳ್ಳು ನಿಜವಾದ ಉತ್ತರಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕೆ ತಿರುಗಿರುತ್ತದೆ.

6. ಸಂಪರ್ಕ: ಪಟ್ಟಣ ದಾಟಿದರೆ ಮೊಬೈಲ್ ಫೋನ್ ಕೆಲಸ ಮಾಡುವುದು ಕಷ್ಟ. ದೋಣಿಯಲ್ಲಿ ರೇಡಿಯೊ, ನಡಿಗೆಯವರ ಬಳಿ ಉಪಗ್ರಹ ಫೋನ್ ಇರಬೇಕು. ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಮನೆಯಲ್ಲಿ ಬರೆದಿಟ್ಟು ಹೊರಡಬೇಕು. ಅತಿಥಿಗೆ ಹೆಲಿಕಾಪ್ಟರ್ ಸಾಗಣೆಯ ವೆಚ್ಚವನ್ನೂ ಭರಿಸುವ ವಿಮೆ ಇದೆಯೇ ಎಂದು ಮೊದಲೇ ಕೇಳಬೇಕು.

ಎಲ್ಲಕ್ಕಿಂತ ಕಠಿಣವಾದ ಕೆಲಸ ‘ಇಂದು ಆಗದು’ ಎಂದು ಹೇಳುವುದು. ಅತಿಥಿ ಸಾವಿರಾರು ಕಿ.ಮೀ. ದೂರದಿಂದ ಬಂದಿರುತ್ತಾನೆ, ನಾಳೆ ಆತನ ವಿಮಾನ ಹೊರಡುತ್ತದೆ, ಹಣವೂ ಕೊಟ್ಟಾಗಿದೆ. ಆದರೂ ಗಾಳಿ ಎದ್ದರೆ ಇಲ್ಲವೆನ್ನಲೇಬೇಕು. ಹೀಗೆ ಹೇಳಲು ಸುಲಭವಾಗಲೆಂದು, ಹವೆಯ ಕಾರಣಕ್ಕೆ ರದ್ದಾದರೆ ಹಣ ವಾಪಸೋ ಬೇರೆ ಪ್ರವಾಸವೋ ಎಂಬುದನ್ನು ಮುಂಗಡ ಪಡೆಯುವಾಗಲೇ ಬರವಣಿಗೆಯಲ್ಲಿ ತಿಳಿಸಬೇಕು. ಸಣ್ಣ ಕಸುಬಿಗೆ ಒಂದು ಸಾವು ಸಾಕು, ಮತ್ತೆ ಬಾಗಿಲು ತೆರೆಯಲಾಗದು. ಸತ್ತವರ ಮನೆಯವರ ನೋವಂತೂ ಯಾವ ಲೆಕ್ಕಕ್ಕೂ ಸಿಗದು.

ತರಬೇತಿ

ಕಾಕೊರ್ತೊಕ್ ಬಳಿಯ ಉಪೆರ್ನಾವಿಯಾರ್ಸುಕ್ ಕೃಷಿ ಕೇಂದ್ರದಲ್ಲಿ ಎಳೆಯ ಸಾಕಣೆದಾರರಿಗೆ ತರಬೇತಿ ಇದೆ. ಐಸ್‌ಲ್ಯಾಂಡಿನ ಕುರಿಮನೆಗಳಲ್ಲಿ ಇದ್ದು ಕೆಲಸ ಕಲಿಯುವ ರೂಢಿಯೂ ಇದೆ. ಕಾಕೊರ್ತೊಕ್ ಪಟ್ಟಣದ ವಿದ್ಯಾಲಯದಲ್ಲಿ ಸಾಹಸ ಪ್ರವಾಸದ ಮಾರ್ಗದರ್ಶಿಗಳಿಗೆ ಪ್ರತ್ಯೇಕ ಶಿಕ್ಷಣ ನೀಡಲಾಗುತ್ತದೆ. ಬೆಟ್ಟ ಬಲ್ಲವನೆಲ್ಲ ಮಾರ್ಗದರ್ಶಿಯಲ್ಲ. ಪ್ರಥಮ ಚಿಕಿತ್ಸೆ, ಹಗ್ಗದ ಕೆಲಸ, ಪರಭಾಷೆ, ದಣಿದವನ ಮುಖ ನೋಡಿ ಗುಂಪಿನ ನಡಿಗೆ ನಿಧಾನಿಸುವ ಗುಣ ಇವೆಲ್ಲ ಕಲಿತು ಬರತಕ್ಕವು.

ಹೆಬ್ಬಾಗಿಲು ಬದಲಾದಾಗ

1941ರಲ್ಲಿ ಯುದ್ಧಕಾಲದ ಅಗತ್ಯಕ್ಕಾಗಿ ಅಮೆರಿಕದವರು ನಾರ್ಸಾರ್ಸುವಾಕ್‌ನಲ್ಲಿ ವಿಮಾನ ನಿಲ್ದಾಣ ಕಟ್ಟಿದರು. ಯುದ್ಧದ ನಂತರ ದಶಕಗಳ ಕಾಲ ಅದೇ ದಕ್ಷಿಣದ ಹೆಬ್ಬಾಗಿಲಾಯಿತು. ಅಲ್ಲಿಂದ ದೋಣಿಯಲ್ಲಿ ಸ್ವಲ್ಪ ಹೊತ್ತಿನಲ್ಲೇ ಕಸ್ಸಿಯಾರ್ಸುಕ್ ಸಿಗುತ್ತದೆ. ಆ ಊರಿನ ಕುರಿಮನೆಗಳ ಅತಿಥಿ ವ್ಯವಹಾರ ಬೆಳೆದದ್ದು ಈ ಸಾಮೀಪ್ಯದಿಂದ. ಮುಂದೆ ಸರ್ಕಾರ ಜನಸಂಖ್ಯೆ ಹೆಚ್ಚಿರುವ ಕಾಕೊರ್ತೊಕ್ ಬಳಿ ಹೊಸ ನಿಲ್ದಾಣ ಕಟ್ಟಲು ನಿರ್ಧರಿಸಿತು. ಬಾಗಿಲು ಆ ಕಡೆ ಸರಿದರೆ ಇದುವರೆಗೆ ಮೊದಲ ಮನೆಯಾಗಿದ್ದದ್ದು ಕೊನೆಯ ಮನೆಯಾಗುತ್ತದೆ. ಅತಿಥಿಯನ್ನು ಕರೆತರಲು ಅರ್ಧ ದಿನದ ದೋಣಿ ಪ್ರಯಾಣ, ಅದರ ಇಂಧನ, ಅದರ ಹವೆ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ.

2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣ ವಿಮಾನಗಳು ನಿಂತಾಗ ಪ್ರವಾಸಿಗರೂ ನಿಂತರು. ಆ ವರ್ಷ ಕುರಿಯನ್ನು ಬಿಡದವರ ಮನೆಯಲ್ಲಿ ಮರಿ ಮಾರಿದ ಹಣವಾದರೂ ಬಂತು. ಪ್ರವಾಸವನ್ನೇ ನಂಬಿದವರಿಗೆ ಆ ಆಸರೆಯೂ ಇರಲಿಲ್ಲ. ಎರಡನೇ ಬೆಳೆ ಎರಡನೆಯದಾಗಿಯೇ ಇರಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮತ್ತೊಂದು ಕಡೆ ಪ್ರವಾಹ ಹೆಚ್ಚುವ ಲಕ್ಷಣಗಳಿವೆ. 2024ರ ನವೆಂಬರ್‌ನಲ್ಲಿ ರಾಜಧಾನಿ ನೂಕ್‌ನಲ್ಲಿ ದೊಡ್ಡ ವಿಮಾನಗಳು ಇಳಿಯಬಲ್ಲ 2,200 ಮೀಟರ್ ಉದ್ದದ ಓಡುದಾರಿ ತೆರೆಯಿತು. ಅದೇ ತಿಂಗಳು ಶಾಸನಸಭೆ ಪ್ರವಾಸೋದ್ಯಮ ಕಾನೂನೊಂದನ್ನು ಅಂಗೀಕರಿಸಿತು. ಅದರಂತೆ ಪ್ರವಾಸ ವ್ಯವಹಾರಕ್ಕೆ ಲೈಸೆನ್ಸ್ ಬೇಕು. ಒಡೆತನದ ಹೆಚ್ಚಿನ ಪಾಲು ಅಲ್ಲಿಯೇ ವಾಸವಾಗಿದ್ದು ತೆರಿಗೆ ಕಟ್ಟುವವರ ಕೈಯಲ್ಲಿರಬೇಕು. ದೊಡ್ಡ ಹಡಗಿನಲ್ಲಿ ಸಾವಿರ ಜನ ಬಂದು ಅರ್ಧ ದಿನ ಅಡ್ಡಾಡಿ ಹಡಗಿನಲ್ಲೇ ಉಂಡು ಹೋದರೆ ಊರಿಗೆ ಉಳಿಯುವುದು ಕಾಲುದಾರಿಯ ಸವೆತ ಮಾತ್ರ. ಎಂಟು ಜನ ಮೂರು ರಾತ್ರಿ ಉಳಿದರೆ ಮನೆಗೆ ಹಣ ಬರುತ್ತದೆ. ಸಂಖ್ಯೆಗಿಂತ ತಂಗುವ ರಾತ್ರಿಗಳು ಮುಖ್ಯವೆಂಬ ತಿಳಿವಳಿಕೆ ಅಲ್ಲಿನ ಚರ್ಚೆಗಳಲ್ಲಿ ಬೆಳೆಯುತ್ತಿದೆ.

ಪ್ರಚಾರ ಹೇಗಿರಬೇಕು

ಕೆಂಪು ಎರಿಕ್ ಒಳ್ಳೆಯ ಹೆಸರಿಟ್ಟು ಜನರನ್ನು ಕರೆತಂದ. ಇಂದು ಆ ಉಪಾಯ ನಡೆಯದು. ಸೊಳ್ಳೆಗಳಿವೆ, ಮೂರು ದಿನ ಮಳೆ ಹಿಡಿಯಬಹುದು, ದೋಣಿ ತಡವಾಗಬಹುದು, ಸ್ನಾನದ ಕೋಣೆ ಒಂದೇ ಎಂಬುದನ್ನು ಮೊದಲೇ ತಿಳಿಸಿದ ಮನೆಗೆ ದೂರು ಬರುವುದು ಕಡಿಮೆ. ಸಂತೋಷಪಟ್ಟು ಹೋದ ಅತಿಥಿ ತನ್ನ ಗೆಳೆಯರನ್ನು ಕಳುಹಿಸುತ್ತಾನೆ. ಅವರಿಗೆ ದಲ್ಲಾಳಿಯ ಪಾಲು ಇಲ್ಲ. ಮೇಲಿನ ಲೆಕ್ಕದಲ್ಲಿ ಹಾಸಿಗೆಗೆ 60 ಉಳಿಯಿತೆಂದು ಅರ್ಥ.

ನಮ್ಮ ರೈತರಿಗೆ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ಉತ್ತರ ಕನ್ನಡದ ತೋಟದ ಮನೆಗಳಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವ ರೂಢಿ ಈಗ ಹಬ್ಬಿದೆ. ಹಿಮದ ಬದಲು ಮಳೆ, ನೀರ್ಗಲ್ಲಿನ ಬದಲು ಆನೆ, ಕಡಲಚಾಚಿನ ಬದಲು ಜಲಪಾತದ ಮಡು. ಮಳೆಗಾಲದ ಹೊಳೆ ಮಧ್ಯಾಹ್ನದೊಳಗೆ ಏರುವುದನ್ನು ಮನೆಯವರು ಬಲ್ಲರು, ಪಟ್ಟಣದಿಂದ ಬಂದವರು ಅರಿಯರು. ಹೆಸರು ಬೇರೆಯಾದರೂ ಜವಾಬ್ದಾರಿ ಒಂದೇ. ಈ ಕಸುಬು ಕೈಗೊಳ್ಳುವವರು ನೆನಪಿಡಬೇಕಾದ ಅಂಶಗಳು:

1. ಮುಖ್ಯ ಕಸುಬನ್ನು ಬಿಡಬೇಡಿ. ಅತಿಥಿ ನೋಡಲು ಬರುವುದೂ ಅದನ್ನೇ.

2. ಇರುವ ಮನೆಯನ್ನು ಸರಿಪಡಿಸಿ ಆರಂಭಿಸಿ. ಎರಡು ಋತು ನೋಡಿದ ಮೇಲೆ ಸಾಲದ ಮಾತು.

3. ಖಾಲಿ ದಿನಗಳನ್ನು ಲೆಕ್ಕ ಹಾಕಿ, ನಿಮ್ಮ ದುಡಿಮೆಗೂ ಕೂಲಿ ಹಿಡಿಯಿರಿ.

4. ನೆರೆಯವರನ್ನು ಜೊತೆಗೆ ಸೇರಿಸಿಕೊಳ್ಳಿ.

5. ಒಂದೇ ದಾರಿ, ಒಂದೇ ದಲ್ಲಾಳಿ, ಒಂದೇ ಋತುವನ್ನು ನಂಬಬೇಡಿ.

6. ಅಪಾಯವಿದ್ದ ದಿನ ಇಲ್ಲವೆನ್ನಿ.

ವಿಸ್ತರಣಾ ಕಾರ್ಯಕರ್ತರು ಇಂಥ ಮನೆಗಳಿಗೆ ಭೇಟಿಯಿತ್ತಾಗ ಹಾಸಿಗೆಗಳ ಸಂಖ್ಯೆ ಬರೆದುಕೊಂಡು ಬರುವುದಷ್ಟೇ ಸಾಲದು. ಹೋದ ವರ್ಷ ಎಷ್ಟು ರಾತ್ರಿ ತುಂಬಿತ್ತು, ಕಂತು ಎಷ್ಟು, ಮೇವು ಅಥವಾ ಬೆಳೆ ಯಾರು ನೋಡಿಕೊಂಡರು, ಮನೆಯಲ್ಲಿ ಪ್ರಥಮ ಚಿಕಿತ್ಸೆ ಬಲ್ಲವರು ಯಾರು ಎಂದು ಕೇಳಬೇಕು. ಈ ನಾಲ್ಕು ಪ್ರಶ್ನೆಗಳಿಗೆ ಮನೆಯವರು ತಡವರಿಸದೆ ಉತ್ತರ ಕೊಟ್ಟರೆ ಆ ಕಸುಬು ನಿಲ್ಲುತ್ತದೆ. ಉತ್ತರ ಸಿಗದಿದ್ದರೆ, ಮುಂದಿನ ಋತು ಬರುವ ಮೊದಲು ಅವರೊಡನೆ ಕುಳಿತು ಲೆಕ್ಕದ ಪುಸ್ತಕ ತೆರೆಯುವುದೇ ವಿಸ್ತರಣೆಯ ಮೊದಲ ಕೆಲಸ.